ಮಳೆಗಿಂತ ಮುಂಚಿನ ಹದಿನೈದು ವರ್ಷಗಳು

ಜನವರಿ 16 ಬಂತೆಂದರೆ ಕರಾವಳಿಯ ಕಥೊಲಿಕ ಮನೆಗಳಲ್ಲಿ ಸಂತ ಜೋಸೆಫ್ ವಾಜರ ನೆನಪಾಗುತ್ತದೆ. ಅವರ ಹೆಸರೆತ್ತಿದರೆ ಹೆಚ್ಚಿನವರು ಮೊದಲು ಹೇಳುವುದು ಮಳೆಯ ಕಥೆಯನ್ನೇ. ಕ್ಯಾಂಡಿ ಪಟ್ಟಣದಲ್ಲಿ ಬರ ಬಿದ್ದಾಗ ಅವರು ಮೊಣಕಾಲೂರಿ ಬೇಡಿಕೊಂಡರು, ಮಳೆ ಸುರಿಯಿತು. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ಆದರೆ ಆ ಮಳೆ ಬಂದದ್ದು 1696ರಲ್ಲಿ. ಅದಕ್ಕೆ ಮುಂಚಿನ ಹದಿನೈದು ವರ್ಷ ಅವರು ದೇವರಲ್ಲಿ ಕೇಳಿದ್ದೊಂದು, ಕೈಗೆ ಬಂದದ್ದು ಇನ್ನೊಂದು. ಮಗನ ಕೆಲಸಕ್ಕೆಂದೋ ಮಗಳ ಮದುವೆಗೆಂದೋ ವರ್ಷಾನುಗಟ್ಟಲೆ ಜಪಮಾಲೆ ಹಿಡಿದು ಕುಳಿತಿರುವ ತಾಯಂದಿರಿಗೆ ಮಳೆಗಿಂತಲೂ ಆ ಹದಿನೈದು ವರ್ಷಗಳೇ ಹೆಚ್ಚು ಹತ್ತಿರವಾದಾವು.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬಾಣಾವಳಿಯಲ್ಲಿ, ತಾಯಿಯ ಊರಿನಲ್ಲಿ. ತಂದೆಯ ಊರು ಸಾಂಕ್ವಾಳ. 1676ರಲ್ಲಿ ಗುರುದೀಕ್ಷೆ ಪಡೆದರು. ಆಮೇಲೆ ಬಡವರಂತೆ ಬರಿಗಾಲಿನಲ್ಲೇ ನಡೆಯತೊಡಗಿದರು. 1677ರಲ್ಲಿ ತಮ್ಮನ್ನು ದೇವಮಾತೆ ಮರಿಯಮ್ಮನವರ ದಾಸನೆಂದು ಬರೆದುಕೊಟ್ಟು ಸಹಿ ಹಾಕಿದರು. ಕ್ರಯಪತ್ರ ಬರೆದಂತೆ ಬರೆದ ಆ ಕಾಗದದಲ್ಲಿ ತಮಗಾಗಿ ಏನನ್ನೂ ಉಳಿಸಿಕೊಂಡಿರಲಿಲ್ಲ.

ಆಗ ಸಿಂಹಳ ದ್ವೀಪದಿಂದ ದುಃಖದ ಸುದ್ದಿ ಬರುತ್ತಿತ್ತು. 1658ರ ಹೊತ್ತಿಗೆ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಓಡಿಸಿ ಕಥೊಲಿಕ ಧರ್ಮವನ್ನು ನಿಷೇಧಿಸಿದ್ದರು. ಗುರುಗಳಿಲ್ಲ, ಬಲಿಪೂಜೆಯಿಲ್ಲ, ಸಾಯುವವರಿಗೆ ಅಂತ್ಯ ಸಂಸ್ಕಾರ ಕೊಡುವವರೂ ಇಲ್ಲ. ತಮ್ಮನ್ನು ಅಲ್ಲಿಗೆ ಕಳುಹಿಸಬೇಕೆಂದು ಫಾದರ್ ವಾಜ್ ಬೇಡಿಕೊಂಡರು. ಹಿರಿಯರು ಅವರನ್ನು ಸಿಂಹಳಕ್ಕೆ ಕಳುಹಿಸಲಿಲ್ಲ. 1681ರಲ್ಲಿ ಕಳುಹಿಸಿದ್ದು ನಮ್ಮ ಕನ್ನಡ ಕರಾವಳಿಗೆ.

ಆಗ ಈ ನಾಡು ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಇಲ್ಲಿನ ಧರ್ಮಸಭೆಯಲ್ಲಿ ಒಡಕು. ಪೋರ್ಚುಗಲ್ ರಾಜನ ಹಕ್ಕಿನವರು ಒಂದು ಕಡೆ, ರೋಮ್ ನೇಮಿಸಿದ ಧರ್ಮಾಧ್ಯಕ್ಷರು ಇನ್ನೊಂದು ಕಡೆ. ಯಾರ ಕೈಯಿಂದ ಪಡೆದ ಸಂಸ್ಕಾರ ಸಿಂಧುವೆಂದು ತಿಳಿಯದೆ ಬಡ ಭಕ್ತರು ತಬ್ಬಿಬ್ಬಾಗಿದ್ದರು. ಮಂಗಳೂರು, ಬಸರೂರು, ಗಂಗೊಳ್ಳಿ, ಕಲ್ಯಾಣಪುರಗಳ ದಾರಿಯಲ್ಲಿ ವಾಜರು ಬರಿಗಾಲಿನಲ್ಲೇ ನಡೆದರು, ಎರಡೂ ಕಡೆಯವರೊಡನೆ ಮಾತನಾಡಿದರು, ಬಿದ್ದ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಶಾಲೆಗಳನ್ನು ತೆರೆದರು. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ ಅವರ ಪ್ರಾರ್ಥನೆಯಿಂದ ನೀರಿನ ಬುಗ್ಗೆಗಳು ಚಿಮ್ಮಿದವೆಂದು ಜನ ಇಂದಿಗೂ ನಂಬುತ್ತಾರೆ. ಅಲ್ಲಿನ ಪುಣ್ಯಕ್ಷೇತ್ರಕ್ಕೆ ಹರಕೆ ಹೊತ್ತು ಹೋಗುವವರು ಅನೇಕರು. ಕೇಳಿದ್ದು ಸಿಗಲಿಲ್ಲವೆಂದು ಕೊಟ್ಟದ್ದನ್ನು ಅರ್ಧ ಮನಸ್ಸಿನಿಂದ ಮಾಡುವ ಸ್ವಭಾವ ಅವರದಾಗಿದ್ದರೆ, ಕರಾವಳಿಯ ಸಭೆಯ ಗತಿ ಏನಾಗುತ್ತಿತ್ತೋ!

1684ರಲ್ಲಿ ಗೋವಾಕ್ಕೆ ಮರಳಿದರು. ಅಲ್ಲಿನ ಒರಟೋರಿಯನ್ ಗುರುಗಳ ಮನೆಯನ್ನು ಸೇರಿ ಅದರ ಹಿರಿಯರೂ ಆದರು. ಆದರೂ ಸಿಂಹಳದ ಚಿಂತೆ ಬಿಡಲಿಲ್ಲ. ಕೊನೆಗೆ ಅಪ್ಪಣೆ ದೊರೆತು 1686ರಲ್ಲಿ ಹೊರಟರು. ಜೊತೆಯಲ್ಲಿ ಜಾನ್ ಎಂಬ ನಂಬಿಕಸ್ಥ ಸೇವಕ. ಬಿರುಗಾಳಿಗೆ ಸಿಕ್ಕಿ ಬಳಲಿ 1687ರಲ್ಲಿ ಜಾಫ್ನಾದ ನೆಲ ಮುಟ್ಟಿದಾಗ ಮೈಮೇಲಿದ್ದದ್ದು ಕೂಲಿಯವನ ಬಟ್ಟೆ. ಬಂದ ಕೂಡಲೇ ರಕ್ತಭೇದಿ ಹಿಡಿಯಿತು. ಅಂಟುಜಾಡ್ಯವೆಂದು ಊರಾಚೆ ಹಾಕಿದರು. ಹಾದಿಬದಿಯಲ್ಲಿ ಬಿದ್ದಿದ್ದವರಿಗೆ ಒಬ್ಬ ಹೆಂಗಸು ಗಂಜಿ ತಂದು ಕೊಟ್ಟು ಬದುಕಿಸಿದಳು. ಆಕೆಯ ಹೆಸರನ್ನು ಯಾರೂ ಬರೆದಿಡಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಜಪಮಾಲೆ ಕಂಡು ಯಾರ ಕಣ್ಣು ತೇವವಾಗುತ್ತದೋ ಆ ಮನೆಯವರು ನಮ್ಮವರು ಎಂಬುದು ಅವರ ಲೆಕ್ಕ. ಹೀಗೆ ಮರೆಯಲ್ಲಿದ್ದ ಭಕ್ತರನ್ನು ಒಬ್ಬೊಬ್ಬರಾಗಿ ಪತ್ತೆ ಮಾಡಿ, ಸಿಲ್ಲಾಲೈ ಎಂಬ ಹಳ್ಳಿಯಲ್ಲಿ ನೆಲೆಸಿ, ರಾತ್ರಿಯ ಹೊತ್ತು ಬಲಿಪೂಜೆ ಅರ್ಪಿಸಿದರು. 1689ರ ಕ್ರಿಸ್ಮಸ್ ರಾತ್ರಿ ಡಚ್ ಸೈನಿಕರು ನುಗ್ಗಿದರು. ಗುರುಗಳು ಕೈಗೆ ಸಿಗಲಿಲ್ಲ, ಭಕ್ತರು ಸಿಕ್ಕಿದರು. ಅವರಲ್ಲಿ ಒಬ್ಬರು ಚಾಟಿಯೇಟಿಗೆ ಪ್ರಾಣಬಿಟ್ಟರು, ಇತರರು ಸೆರೆಮನೆ ಸೇರಿದರು. ತಾವು ಉಳಿದು ತಮ್ಮ ಜನ ಏಟು ತಿಂದ ನೋವು ಎಂಥದಿತ್ತೆಂಬುದನ್ನು ಮಕ್ಕಳುಳ್ಳವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಡಚ್ಚರ ಕೈಗೆ ಎಟುಕದ ಜಾಗವೆಂದರೆ ಬೆಟ್ಟಗಳ ನಡುವಿನ ಕ್ಯಾಂಡಿ. ಅಲ್ಲಿ ಆಳುತ್ತಿದ್ದವನು ಬೌದ್ಧ ರಾಜ, ಎರಡನೇ ವಿಮಲಧರ್ಮಸೂರಿಯ. 1692ರಲ್ಲಿ ವಾಜರು ಅಲ್ಲಿಗೆ ಹೋದರು. ಹೋದದ್ದೇ ತಡ, ಇವರು ಪೋರ್ಚುಗೀಸರ ಗೂಢಚಾರರೆಂದು ಫ್ರೆಂಚ್ ಪ್ರೊಟೆಸ್ಟೆಂಟನೊಬ್ಬ ದೂರು ಕೊಟ್ಟ. ಗುರುವೂ ಸೇವಕನೂ ಸೆರೆಯಾದರು.

ಮೇಲುನೋಟಕ್ಕೆ ಎಲ್ಲವೂ ಮುಗಿದಂತೆಯೇ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಬೇರೊಂದು ಕಾಣುತ್ತದೆ. ಜಾಫ್ನಾದಲ್ಲಿ ರಾತ್ರಿ ಕದ್ದು ಅರ್ಪಿಸಿದ ಪೂಜೆಗೆ ಈಗ ರಾಜನ ಕಾವಲು! ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಕಾವಲಿನವರು ಅವರ ನಡತೆ ನೋಡಿ ಮೆತ್ತಗಾದರು. ಸಣ್ಣದೊಂದು ಗುಡಿಸಲು ಎದ್ದಿತು, ಅದರೊಳಗೆ ಪೀಠ. ಕ್ಯಾಂಡಿಯ ಕಥೊಲಿಕರು ಒಬ್ಬೊಬ್ಬರಾಗಿ ಬಂದರು. ಕ್ರಮೇಣ ಪಟ್ಟಣದೊಳಗೆ ಓಡಾಡುವ ಅನುಮತಿಯೂ ದೊರೆಯಿತು. ಸಿಂಹಳದಲ್ಲಿ ನೆಲೆ ಬೇಕೆಂದು ಅವರು ಬೇಡಿದ್ದರು. ನೆಲೆ ಸಿಕ್ಕಿದ್ದು ಸೆರೆಮನೆಯಲ್ಲಿ.

ಇನ್ನು ಮಳೆ. 1696ರಲ್ಲಿ ಕ್ಯಾಂಡಿಯಲ್ಲಿ ಭೀಕರ ಬರ. ರಾಜನೂ ಪ್ರಜೆಗಳೂ ಬೌದ್ಧ ಭಿಕ್ಷುಗಳಿಂದ ಪ್ರಾರ್ಥನೆ ಮಾಡಿಸಿದರು. ಅನಂತರ ವಾಜರಿಗೂ ಹೇಳಿಕಳುಹಿಸಿದರು. ಅವರು ಬಯಲಿನಲ್ಲಿ ಪೀಠ ಕಟ್ಟಿ, ಶಿಲುಬೆ ನಿಲ್ಲಿಸಿ, ಮೊಣಕಾಲೂರಿದರು. ಮಳೆ ಸುರಿಯಿತೆಂದೂ ಅವರೂ ಪೀಠವೂ ಮಾತ್ರ ನೆನೆಯಲಿಲ್ಲವೆಂದೂ ಅವರ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ರಾಜನು ರಾಜ್ಯದಲ್ಲೆಲ್ಲ ಸುವಾರ್ತೆ ಸಾರುವ ಸ್ವಾತಂತ್ರ್ಯವನ್ನು ಕೊಟ್ಟನು. ಇಷ್ಟು ಬೇಗ ಫಲಿಸಿದ ಪ್ರಾರ್ಥನೆ ಅವರ ಬಾಳಿನಲ್ಲಿ ಅಪರೂಪ. ಅದೂ ಅವರು ತಮಗಾಗಿ ಕೇಳಿದ್ದಲ್ಲ, ತಮ್ಮನ್ನು ಸೆರೆಯಲ್ಲಿಟ್ಟವರ ಗದ್ದೆಗಳಿಗಾಗಿ.

ಮರುವರ್ಷ, 1697ರಲ್ಲಿ ಸಿಡುಬು ಬಂತು. ರಾಜನೂ ಸಿರಿವಂತರೂ ಪಟ್ಟಣ ಬಿಟ್ಟು ಹೋದರು. ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಬರುವ ಕಾಲ. ವಾಜರೂ ಅವರ ಬಂಧುವಾದ ಫಾದರ್ ಜೋಸೆಫ್ ಕಾರ್ವಾಲೊ ಅವರೂ ಜಾತಿ ಧರ್ಮ ನೋಡದೆ ರೋಗಿಗಳನ್ನು ತೊಳೆದರು, ಉಣಿಸಿದರು, ಸತ್ತವರನ್ನು ಹೂಳಿದರು. ನನ್ನ ಅಭಿಪ್ರಾಯದಲ್ಲಿ ಕ್ಯಾಂಡಿಯ ಜನರ ಮನಸ್ಸನ್ನು ಗೆದ್ದದ್ದು ಮಳೆಗಿಂತ ಹೆಚ್ಚಾಗಿ ಈ ಆರೈಕೆಯೇ.

ಅವರು ಮತ್ತೆ ಗೋವಾವನ್ನು ನೋಡಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ, 59ನೆಯ ವಯಸ್ಸಿನಲ್ಲಿ ದೈವಾಧೀನರಾದರು. ಜಗದ್ಗುರು ಎರಡನೇ ಜಾನ್ ಪೌಲರು 1995ರ ಜನವರಿ 21ರಂದು ಕೊಲೊಂಬೊದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ಅದೇ ಊರಿನಲ್ಲಿ 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತ ಪದವಿಗೇರಿಸಿದರು. ಅದಕ್ಕೆ ಬೇಕಾಗಿದ್ದ ಎರಡನೆಯ ಪವಾಡದ ನಿಯಮವನ್ನು ಜಗದ್ಗುರುಗಳು ಸಡಿಲಿಸಿದ್ದರು. ಕ್ಯಾಂಡಿಯಲ್ಲಿ ಅವರನ್ನು ಸಮಾಧಿ ಮಾಡಿದ ಜಾಗ ಮಾತ್ರ ಇಂದಿಗೂ ಖಚಿತವಾಗಿ ಸಿಕ್ಕಿಲ್ಲ.