ಗಣಿಯ ದೀಪ: ಸರ್ ಹಂಫ್ರಿ ಡೇವಿಯ ಚರಿತ್ರೆ

ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಅಭ್ಯಸಿಸಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ಬನ್ಸೆನ್ ದೀಪದ ಮೇಲೆ ಹಿಡಿದ ತಂತಿಬಲೆಯನ್ನು ಮರೆತಿರಲಾರರು. ಕೆಳಗೆ ಉರಿಯುವ ಜ್ವಾಲೆಯು ಆ ಬಲೆಯನ್ನು ದಾಟಿ ಬಾರದೆ ಅಲ್ಲಿಯೇ ನಿಲ್ಲುವುದು. ಈ ಅಲ್ಪ ಸಂಗತಿಯನ್ನು ಗಣಿಗಾರರ ಪ್ರಾಣರಕ್ಷಣೆಗೆ ಉಪಯೋಗಿಸಿದ ಸರ್ ಹಂಫ್ರಿ ಡೇವಿಯ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಡೇವಿಯು 1778ನೆಯ ಇಸವಿ ಡಿಸೆಂಬರ್ 17ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಪೆನ್ಜಾನ್ಸ್ ಪಟ್ಟಣದಲ್ಲಿ ಜನಿಸಿದನು. ಮರದ ಕೆತ್ತನೆಯ ಕೆಲಸದವನಾಗಿದ್ದ ತಂದೆಯು 1794ರಲ್ಲಿ ಸಾಲವನ್ನು ಉಳಿಸಿ ತೀರಿಹೋಗಲು, ತಾಯಿಯಾದ ಗ್ರೇಸಳು ಸ್ತ್ರೀಯರ ಟೋಪಿಗಳ ಅಂಗಡಿಯನ್ನಿಟ್ಟು ಐದು ಮಂದಿ ಮಕ್ಕಳನ್ನು ಸಲಹಿದಳು. ಹಿರಿಯ ಮಗನಾದ ಹಂಫ್ರಿಯು ಮರುವರ್ಷವೇ ಒಬ್ಬ ವೈದ್ಯನ ಬಳಿ ಕೆಲಸ ಕಲಿಯಲು ಸೇರಿ, ಬಿಡುವಿನಲ್ಲಿ ರಸಾಯನಶಾಸ್ತ್ರವನ್ನು ತಾನೇ ಕಲಿತುಕೊಂಡನು. ವಿಶ್ವವಿದ್ಯಾನಿಲಯದಲ್ಲಿ ಓದದ ಈ ಯುವಕನು 1802ರಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನ ಪ್ರೊಫೆಸರನಾದನು. 1807ರಲ್ಲಿ ವಿದ್ಯುತ್ತಿನ ಬಲದಿಂದ ಪೊಟ್ಯಾಸಿಯಂ, ಸೋಡಿಯಂ ಎಂಬ ಲೋಹಗಳನ್ನು ಬೇರ್ಪಡಿಸಿ ಪ್ರಖ್ಯಾತನಾದನು.

ಆ ಕಾಲದಲ್ಲಿ ಕಲ್ಲಿದ್ದಲ ಗಣಿಗಳಲ್ಲಿ ಮೋಂಬತ್ತಿಯೇ ಬೆಳಕು. ಇದ್ದಲಿನ ಬಿರುಕುಗಳಿಂದ ಹೊರಡುವ ಮೀಥೇನ್ ಎಂಬ ಅನಿಲವು ಗಾಳಿಯೊಡನೆ ಬೆರೆತು ಆ ಉರಿಗೆ ತಗಲಿದರೆ ಸಿಡಿಯುತ್ತಿತ್ತು. 1812ನೆಯ ಮೇ 25ರಂದು ನ್ಯೂಕಾಸಲ್ ನಗರದ ಸಮೀಪದ ಫೆಲ್ಲಿಂಗ್ ಗಣಿಯಲ್ಲಿ ಹೀಗೆ 92 ಮಂದಿ ಗಂಡಸರೂ ಹುಡುಗರೂ ಮಡಿದರು. ಮೃತರ ಅಂತ್ಯಕ್ರಿಯೆಯನ್ನು ನಡೆಸಿದ ರೆವರೆಂಡ್ ಜಾನ್ ಹಾಡ್ಜ್‌ಸನ್ನನು ಈ ದುಃಖವನ್ನು ಲೋಕಕ್ಕೆ ತಿಳಿಯಪಡಿಸಿದವರಲ್ಲಿ ಒಬ್ಬನು.

ಸಹಾಯಕ್ಕಾಗಿ ಕರೆ ಬಂದಾಗ, 1815ರಲ್ಲಿ ಡೇವಿಯು ಆ ಸೀಮೆಗೆ ಹೋಗಿ ಗಣಿಗಳ ಸ್ಥಿತಿಯನ್ನು ವಿಚಾರಿಸಿದನು; ಗಣಿಯ ಅನಿಲವನ್ನು ಲಂಡನ್ನಿಗೆ ತರಿಸಿ ಪರೀಕ್ಷಿಸಿದನು. ಕಿರಿದಾದ ಲೋಹದ ಕೊಳವೆಯೊಳಗೆ ಜ್ವಾಲೆಯು ಮುಂದುವರಿಯುವುದಿಲ್ಲವೆಂದು ಕಂಡುಕೊಂಡನು. ಲೋಹವು ಶಾಖವನ್ನು ಹೀರುವುದರಿಂದ ಉರಿಯು ತಣಿದು ಆರಿಹೋಗುವುದು. ಆದಕಾರಣ ದೀಪದ ಸುತ್ತಲೂ ಚದರ ಅಂಗುಲಕ್ಕೆ 784 ರಂಧ್ರಗಳುಳ್ಳ ತಂತಿಬಲೆಯನ್ನು ಕವಿಸಿದನು. 1816ನೆಯ ಜನವರಿಯಲ್ಲಿ ಹೆಬ್ಬರ್ನ್ ಗಣಿಯೊಳಗೆ ಅದನ್ನು ಪರೀಕ್ಷಿಸಲು ಸಫಲವಾಯಿತು. ಅನಿಲವಿದ್ದೆಡೆಯಲ್ಲಿ ದೀಪದ ಜ್ವಾಲೆಯ ರೂಪವೇ ಬದಲಾಗಿ ಗಣಿಗಾರನನ್ನು ಎಚ್ಚರಿಸುತ್ತಿತ್ತು.

ಡೇವಿಯು ಈ ದೀಪಕ್ಕೆ ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲೆಂದು ಬಿಟ್ಟುಕೊಟ್ಟನು. 1817ರಲ್ಲಿ ಗಣಿಯ ಯಜಮಾನರು ಕೊಟ್ಟ ಬೆಳ್ಳಿಯ ಪಾತ್ರೆಗಳ ಹಣದಿಂದಲೇ ಮುಂದೆ ರಾಯಲ್ ಸೊಸೈಟಿಯ ಡೇವಿ ಪದಕವು ಏರ್ಪಟ್ಟಿತು. ಆದರೆ ಅವನಲ್ಲಿ ಕುಂದು ಇರಲಿಲ್ಲವೆಂದು ಹೇಳಲಾರೆವು. ಅದೇ ಕಾಲದಲ್ಲಿ ಜಾರ್ಜ್ ಸ್ಟೀಫನ್ಸನ್ನನೂ ಸ್ವಂತ ಬುದ್ಧಿಯಿಂದ ಒಂದು ದೀಪವನ್ನು ಮಾಡಿದ್ದನು; ಹೆಚ್ಚು ಶಾಲೆಯನ್ನು ಕಾಣದ ಆ ಕೆಲಸಗಾರನಿಗೆ ಮಾನವನ್ನು ಹಂಚಿಕೊಡಲು ಡೇವಿಯು, ತಾನೂ ಬಡತನದಿಂದ ಬಂದವನಾಗಿದ್ದರೂ, ಒಪ್ಪಲಿಲ್ಲ.

ದೀಪವು ಬಂದ ಮಾತ್ರಕ್ಕೆ ಸಾವುಗಳು ನಿಲ್ಲಲಿಲ್ಲ. ಬಲೆಯು ಹರಿದರೆ ಅಥವಾ ಗಾಳಿಯು ಬಲವಾಗಿ ಬೀಸಿದರೆ ಉರಿಯು ಹೊರಬೀಳುತ್ತಿತ್ತು. ಅಲ್ಲದೆ, ದೀಪವಿದೆಯೆಂಬ ಧೈರ್ಯದಿಂದ ಮೊದಲು ಬಿಟ್ಟಿದ್ದ ಅಪಾಯದ ಸ್ಥಳಗಳಲ್ಲಿಯೂ ಇದ್ದಲನ್ನು ಅಗೆಯಿಸಿದರು. ಡೇವಿಯು 1829ನೆಯ ಮೇ 29ರಂದು ಜಿನೀವಾದಲ್ಲಿ ಕಾಲವಾದನು.

ವಿದ್ಯೆಯು ಅಪಾಯವನ್ನು ತಡೆಯುವ ಬಲೆಯನ್ನು ಹೆಣೆದುಕೊಡಬಲ್ಲದು. ಅದು ಹರಿಯದಂತೆ ನೋಡಿಕೊಳ್ಳುವ ಎಚ್ಚರವು ಉಪಯೋಗಿಸುವವರದು. ನಮ್ಮ ಹೆಣ್ಣುಮಕ್ಕಳು ಶಾಲೆಯಿಂದ ಇವೆರಡನ್ನೂ ಕೊಂಡೊಯ್ಯಲೆಂದು ಹಾರೈಸುತ್ತೇವೆ.