ಕ್ನೂಟ್ ರಾಕ್ನಿ: ಕಾಯುವಿಕೆಯ ರುಚಿ ಹತ್ತಿಸಿದ ತರಬೇತುದಾರ

1930ರ ಡಿಸೆಂಬರ್ ಮೊದಲ ವಾರ. ನ್ಯೂಯಾರ್ಕ್ ಷೇರುಪೇಟೆ ಕುಸಿದು ವರ್ಷ ಕಳೆದಿತ್ತು. ಅಮೆರಿಕದ ನಗರಗಳಲ್ಲಿ ಕೆಲಸ ಕಳೆದುಕೊಂಡವರ ಸಂಖ್ಯೆ ದಿನೇ ದಿನೇ ಏರುತ್ತಿತ್ತು. ಆದರೂ ಲಾಸ್ ಏಂಜಲೀಸ್‌ನ ಕ್ರೀಡಾಪ್ರಿಯರ ಕಣ್ಣು ನೆಟ್ಟದ್ದು ಬೇರೊಂದು ಕಡೆಗೆ. ಡಿಸೆಂಬರ್ 6ರ ಶನಿವಾರ ಕೊಲಿಸಿಯಂ ಕ್ರೀಡಾಂಗಣದಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ನೋಟರ್ ಡೇಮ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡಗಳು ಎದುರಾಗಲಿದ್ದವು.

ಆತಿಥೇಯರ ಆ ವರ್ಷದ ಅಂಕಪಟ್ಟಿ ಎಂಥವರಿಗೂ ದಿಗಿಲು ಹುಟ್ಟಿಸುವಂತಿತ್ತು. ಯುಸಿಎಲ್‌ಎ ತಂಡವನ್ನು 52-0, ಕ್ಯಾಲಿಫೋರ್ನಿಯಾ ತಂಡವನ್ನು 74-0, ಸ್ಟ್ಯಾನ್‌ಫರ್ಡ್ ತಂಡವನ್ನು 41-12 ಅಂಕಗಳಿಂದ ಅವರು ಬಗ್ಗುಬಡಿದಿದ್ದರು. ಅವರು ಸೋತದ್ದು ಒಮ್ಮೆ ಮಾತ್ರ, ಅದೂ ವಾಷಿಂಗ್‌ಟನ್ ಸ್ಟೇಟ್ ತಂಡಕ್ಕೆ ಒಂದೇ ಅಂಕದ ಅಂತರದಲ್ಲಿ. ಅತ್ತ ನೋಟರ್ ಡೇಮ್ ಎರಡು ಋತುಗಳಿಂದ ಸೋಲನ್ನೇ ಕಂಡಿರಲಿಲ್ಲ. ಸತತ 18 ಗೆಲುವು ಅದರ ಬೆನ್ನಿಗಿತ್ತು. ಹಾಗಿದ್ದರೂ ಪಂಡಿತರ ಲೆಕ್ಕಾಚಾರ ಆತಿಥೇಯರ ಕಡೆಗೇ ವಾಲಿತ್ತು. ನೋಟರ್ ಡೇಮ್‌ನ ಆಟಗಾರರು ಬಳಲಿದ್ದರು. ಹಿಂದಿನ ಶನಿವಾರವಷ್ಟೇ ಷಿಕಾಗೊದಲ್ಲಿ ಹಿಮಮಿಶ್ರಿತ ಮಳೆಯ ನಡುವೆ, ಸುಮಾರು ಒಂದು ಲಕ್ಷ ಪ್ರೇಕ್ಷಕರ ಎದುರು, ಆರ್ಮಿ ತಂಡವನ್ನು ಅವರು 7-6ರಿಂದ ಹೇಗೋ ಮಣಿಸಿ ಬಂದಿದ್ದರು.

ಪಶ್ಚಿಮದತ್ತ ಸಾಗುತ್ತಿದ್ದ ಅವರ ರೈಲಿನಲ್ಲಿ ಬೋಳುತಲೆಯ, ಚಪ್ಪಟೆ ಮೂಗಿನ, 42 ವರ್ಷದ ತರಬೇತುದಾರನೊಬ್ಬನಿದ್ದ. ದೊಡ್ಡ ಪಂದ್ಯ ಬಂದಾಗಲೆಲ್ಲ ತನ್ನ ತಂಡಕ್ಕೆ ಗೆಲ್ಲುವ ಶಕ್ತಿಯಿಲ್ಲವೆಂದು ಪತ್ರಕರ್ತರೆದುರು ಸಪ್ಪೆ ಮೋರೆಯಿಂದ ಹೇಳಿಕೊಳ್ಳುವುದು ಅವನ ಹಳೆಯ ಅಭ್ಯಾಸ. ಕ್ನೂಟ್ ರಾಕ್ನಿ ಎಂಬ ಈ ಮನುಷ್ಯನಿಗೆ ತನ್ನ ಕಾಲದ ಬೇರೆ ತರಬೇತುದಾರರಿಗಿಂತ ಚೆನ್ನಾಗಿ ಗೊತ್ತಿದ್ದ ಸಂಗತಿಯೊಂದಿತ್ತು. ಪಂದ್ಯವು ಶಿಳ್ಳೆ ಊದಿದಾಗ ಆರಂಭವಾಗುವುದಿಲ್ಲ. ಅದಕ್ಕೆ ಎಷ್ಟೋ ದಿನ ಮೊದಲೇ ಅಭಿಮಾನಿಯ ಎದೆಯೊಳಗೆ ಆರಂಭವಾಗಿರುತ್ತದೆ.

ಇಲ್ಲಿ ಫುಟ್‌ಬಾಲ್ ಎಂದರೆ ಪೆಲೆ, ಮರಡೋನಾ ಆಡಿದ ಆಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಗಳನ್ನು ನೆಲಕ್ಕುರುಳಿಸುತ್ತ ನೂರು ಗಜದ ಅಂಗಳವನ್ನು ಗಜಗಜವಾಗಿ ಗೆಲ್ಲುತ್ತ ಹೋಗುವ ಅಮೆರಿಕದ ಆಟ. ಕಾಲೇಜುಗಳ ಋತು ಶರತ್ಕಾಲದ ಕೆಲವೇ ವಾರಗಳದ್ದು. ಆಗ ಒಂದು ತಂಡ ಆಡುತ್ತಿದ್ದುದು ಒಂಬತ್ತೋ ಹತ್ತೋ ಪಂದ್ಯ. ಎರಡು ಬಲಿಷ್ಠ ತಂಡಗಳು ವರ್ಷಕ್ಕೆ ಒಮ್ಮೆ ಎದುರಾದರೆ ಹೆಚ್ಚು. ಸೋತರೆ ಸೇಡು ತೀರಿಸಿಕೊಳ್ಳಲು ಮತ್ತೊಂದು ಶರತ್ಕಾಲ ಬರಬೇಕು. ಈ ಆಟದಲ್ಲಿ ಕಾಯುವುದಕ್ಕೆ ಅಷ್ಟೊಂದು ಬೆಲೆ ಬಂದಿರುವುದು ಇದೇ ಕಾರಣಕ್ಕೆ.

ರಾಕ್ನಿ ಹುಟ್ಟಿನಿಂದ ಅಮೆರಿಕದವನಲ್ಲ. 1888ರ ಮಾರ್ಚ್ 4ರಂದು ನಾರ್ವೆಯ ವೋಸ್ ಎಂಬ ಊರಿನಲ್ಲಿ ಜನಿಸಿದ. ತಂದೆ ಲಾರ್ಸ್ ಸಾರೋಟು ತಯಾರಿಸುವ ಕುಶಲಕರ್ಮಿ. 1893ರಲ್ಲಿ, ವಿವೇಕಾನಂದರ ಭಾಷಣದಿಂದ ಭಾರತೀಯರಿಗೆ ಪರಿಚಿತವಾದ ಸರ್ವಧರ್ಮ ಸಮ್ಮೇಳನ ನಡೆದ ಅದೇ ಷಿಕಾಗೊ ವಿಶ್ವಮೇಳದಲ್ಲಿ, ಲಾರ್ಸ್ ತಯಾರಿಸಿದ ಸಾರೋಟೂ ಪ್ರದರ್ಶನಕ್ಕಿತ್ತು. ಅದೇ ವರ್ಷ ಕುಟುಂಬವೂ ಷಿಕಾಗೊ ಸೇರಿತು. ಐದು ವರ್ಷದ ಹುಡುಗ ವಲಸಿಗರ ಓಣಿಗಳಲ್ಲಿ ಆಡಿ ಬೆಳೆದ. ಕಾಲೇಜಿಗೆ ಹಣ ಸಾಲದೆ ಷಿಕಾಗೊ ಅಂಚೆ ಕಚೇರಿಯಲ್ಲಿ ಕೆಲವು ವರ್ಷ ದುಡಿದ. ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿದ್ದ ನೋಟರ್ ಡೇಮ್ ಎಂಬ ಕ್ಯಾಥೊಲಿಕ್ ಕಾಲೇಜಿಗೆ 1910ರಲ್ಲಿ ಸೇರಿದಾಗ ಅವನಿಗೆ 22 ವರ್ಷ. ತಲೆಗೂದಲು ಆಗಲೇ ಉದುರಲಾರಂಭಿಸಿತ್ತು. ಅವನಾದರೋ ಆಗ ಲೂಥರನ್ ಪಂಥದವನು. ಕ್ಯಾಥೊಲಿಕ್ ಪಂಥ ಸ್ವೀಕರಿಸಿದ್ದು 1925ರಲ್ಲಿ.

ಅವನ ಹೆಸರನ್ನು ಮೊದಲ ಸಲ ಬೆಳಕಿಗೆ ತಂದ ಪಂದ್ಯಕ್ಕಾಗಿ ಯಾರೂ ಕಾದಿರಲಿಲ್ಲ ಎಂಬುದು ಸೋಜಿಗದ ಮಾತು. 1913ರಲ್ಲಿ ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿಯ ವೇಳಾಪಟ್ಟಿಯಲ್ಲಿ ಒಂದು ದಿನ ಖಾಲಿ ಉಳಿದಿತ್ತು. ಅದನ್ನು ತುಂಬಲು ದೊರೆತ ಎದುರಾಳಿ ನೋಟರ್ ಡೇಮ್. ತಂಡದ ನಾಯಕ ರಾಕ್ನಿ. ಆ ಬೇಸಿಗೆಯಲ್ಲಿ ಅವನೂ ಗೆಳೆಯ ಗಸ್ ಡೊರೇಯೂ ಒಹಾಯೊದ ಸೀಡರ್ ಪಾಯಿಂಟ್ ಎಂಬ ವಿಹಾರತಾಣದಲ್ಲಿ ಕೂಲಿ ಮಾಡುತ್ತ, ಬಿಡುವಿನಲ್ಲಿ ಮರಳ ಮೇಲೆ ಓಡುತ್ತಲೇ ಚೆಂಡನ್ನು ಎಸೆದು ಹಿಡಿಯುವ ಅಭ್ಯಾಸ ಮಾಡಿದ್ದರು. ಮುಂದಕ್ಕೆ ಎಸೆಯುವುದು 1906ರಿಂದಲೇ ನಿಯಮಬದ್ಧ. ಅದನ್ನು ಕಂಡುಹಿಡಿದವನು ರಾಕ್ನಿಯೆಂಬುದು ಬರಿಯ ದಂತಕಥೆ. ಆದರೆ ಪೂರ್ವದ ಪ್ರತಿಷ್ಠಿತ ತಂಡಗಳು ಆ ಅಸ್ತ್ರವನ್ನು ಗಂಭೀರವಾಗಿ ಪರಿಗಣಿಸಿರಲಿಲ್ಲ. ನವೆಂಬರ್ 1ರಂದು ಆರ್ಮಿ 35-13ರಿಂದ ಸೋತಿತು. ಮರುದಿನದಿಂದ ನೋಟರ್ ಡೇಮ್ ಎಂಬ ಹೆಸರಿಗೆ ಒಂದು ತೂಕ ಬಂತು.

ಔಷಧಶಾಸ್ತ್ರದ ಪದವಿಯನ್ನು ಉನ್ನತ ದರ್ಜೆಯಲ್ಲಿ ಪಡೆದ ರಾಕ್ನಿ, ಕೃತಕ ರಬ್ಬರಿನ ಸಂಶೋಧನೆಯಿಂದ ಮುಂದೆ ಹೆಸರಾದ ಪಾದ್ರಿ ಜೂಲಿಯಸ್ ನ್ಯೂಲಂಡ್ ಅವರ ರಸಾಯನ ಪ್ರಯೋಗಾಲಯದಲ್ಲಿ ಸಹಾಯಕನಾದ. ಜತೆಗೆ ಫುಟ್‌ಬಾಲ್ ತಂಡದ ಸಹಾಯಕ ತರಬೇತುದಾರ. 1918ರಲ್ಲಿ ಮುಖ್ಯ ತರಬೇತುದಾರನಾದ ಮೇಲೆ ಪ್ರಯೋಗಾಲಯ ಹಿಂದೆ ಸರಿಯಿತು. ಮುಂದಿನ 13 ಋತುಗಳಲ್ಲಿ 105 ಗೆಲುವು, 12 ಸೋಲು, 5 ಸಮ. ಈ ಅಂಕಿಗಳು ಎಲ್ಲ ಕ್ರೀಡಾಕೋಶಗಳಲ್ಲೂ ಸಿಗುತ್ತವೆ. ಗೆಲುವಿನ ಆಚೆಗೆ ಅವನು ಕಟ್ಟಿದ್ದೇನು ಎಂಬುದು ಹೆಚ್ಚು ಕುತೂಹಲಕರ.

ಮಧ್ಯಪಶ್ಚಿಮದ ದೊಡ್ಡ ವಿಶ್ವವಿದ್ಯಾಲಯಗಳ ಕೂಟ ನೋಟರ್ ಡೇಮ್‌ಗೆ ಬಾಗಿಲು ತೆರೆಯಲಿಲ್ಲ. ಶೈಕ್ಷಣಿಕ ಮಟ್ಟ, ಆಟಗಾರರ ಅರ್ಹತೆ ಮುಂತಾದ ಕಾರಣಗಳನ್ನು ಮುಂದೊಡ್ಡಲಾಯಿತು. ಕ್ಯಾಥೊಲಿಕರ ಮೇಲಿನ ಅಸಹನೆಯೂ ಅದರ ಹಿಂದಿತ್ತೆಂದು ನಂಬಿದವರು ಬಹಳ. ಅದು ಇಂಡಿಯಾನಾದಲ್ಲಿ ಕು ಕ್ಲಕ್ಸ್ ಕ್ಲಾನ್ ಸೊಕ್ಕಿ ಮೆರೆಯುತ್ತಿದ್ದ ಕಾಲ. 1924ರ ಮೇ ತಿಂಗಳಲ್ಲಿ ಸೌತ್ ಬೆಂಡ್ ಬೀದಿಗಳಲ್ಲಿ ಕ್ಲಾನ್ ಸದಸ್ಯರಿಗೂ ನೋಟರ್ ಡೇಮ್ ವಿದ್ಯಾರ್ಥಿಗಳಿಗೂ ಮಾರಾಮಾರಿ ನಡೆಯಿತು. ನೆರೆಹೊರೆಯವರು ಆಡಲು ಕರೆಯದಿದ್ದಾಗ ದೂರದವರನ್ನು ಹುಡುಕಿ ಹೋಗಬೇಕಷ್ಟೆ. ರಾಕ್ನಿ ತಂಡವನ್ನು ರೈಲು ಹತ್ತಿಸಿದ. ನ್ಯೂಯಾರ್ಕ್, ಅಟ್ಲಾಂಟಾ, ಲಿಂಕನ್, ಲಾಸ್ ಏಂಜಲೀಸ್! ಬಹಿಷ್ಕಾರವೇ ವರವಾಯಿತು. ಒಂದು ಊರಿನ ತಂಡವಾಗಿ ಉಳಿಯಬೇಕಾಗಿದ್ದುದು ದೇಶದ ತಂಡವಾಯಿತು.

ಕಾಲೇಜಿನ ಮೆಟ್ಟಿಲನ್ನೇ ಹತ್ತದ ಜನ ಅದಕ್ಕೆ ಒಲಿದದ್ದು ಹೀಗೆ. ಐರ್ಲೆಂಡ್, ಇಟಲಿ, ಪೋಲೆಂಡ್‌ಗಳಿಂದ ಬಂದು ಬಂದರಿನಲ್ಲಿ, ಗಿರಣಿಯಲ್ಲಿ, ಪೊಲೀಸ್ ಠಾಣೆಯಲ್ಲಿ ದುಡಿಯುತ್ತಿದ್ದ ಕ್ಯಾಥೊಲಿಕ್ ಸಂಸಾರಗಳಿಗೆ ಆ ತಂಡ ತಮ್ಮದೆನಿಸಿತು. ನ್ಯೂಯಾರ್ಕ್‌ನಲ್ಲಿ ಆರ್ಮಿ ವಿರುದ್ಧದ ವಾರ್ಷಿಕ ಪಂದ್ಯಕ್ಕೆ ಸುರಂಗ ರೈಲು ಹಿಡಿದು ಬರುತ್ತಿದ್ದ ಈ ಅಭಿಮಾನಿಗಳಿಗೆ ಸಬ್‌ವೇಯ ಹಳೆಯ ವಿದ್ಯಾರ್ಥಿಗಳು ಎಂಬ ಅಡ್ಡಹೆಸರೇ ಬಿತ್ತು. ಅವರಿಗೆ ಕಾಲೇಜಿನ ಪದವಿ ಇರಲಿಲ್ಲ. ಇದ್ದುದು ಶನಿವಾರಕ್ಕಾಗಿ ಕಾಯುವ ಹಕ್ಕು.

ಆ ಕಾಯುವಿಕೆಗೆ ಸೌದೆ ಒಟ್ಟುವುದು ರಾಕ್ನಿಗೆ ಕರಗತ. ಪತ್ರಿಕೆಗಳಿಗೆ ಸುದ್ದಿ ಒದಗಿಸಲು ಒಬ್ಬ ವಿದ್ಯಾರ್ಥಿಯನ್ನು ನೇಮಿಸಿಕೊಳ್ಳುತ್ತಿದ್ದ. ತಾನೇ ಅಂಕಣ ಬರೆಯುತ್ತಿದ್ದ, ಕ್ರೀಡಾ ಬರಹಗಾರರ ಗೆಳೆತನ ಮಾಡುತ್ತಿದ್ದ. 1924ರ ಅಕ್ಟೋಬರ್ 18ರಂದು ಆರ್ಮಿಯನ್ನು 13-7ರಿಂದ ಗೆದ್ದಾಗ ಗ್ರ್ಯಾಂಟ್‌ಲ್ಯಾಂಡ್ ರೈಸ್ ಎಂಬ ಹೆಸರಾಂತ ವರದಿಗಾರ, ಸ್ಟೂಲ್‌ಡ್ರೆಹರ್, ಮಿಲ್ಲರ್, ಕ್ರೌಲಿ, ಲೇಡನ್ ಎಂಬ ನಾಲ್ವರು ಆಟಗಾರರನ್ನು ಬೈಬಲ್ಲಿನ ನಾಲ್ಕು ಕುದುರೆ ಸವಾರರಿಗೆ ಹೋಲಿಸಿದ. ರಾಕ್ನಿಯ ವಿದ್ಯಾರ್ಥಿ ಸಹಾಯಕ ಜಾರ್ಜ್ ಸ್ಟ್ರಿಕ್ಲರ್ ಊರಿಗೆ ಮರಳಿದ್ದೇ ತಡ, ಆ ನಾಲ್ವರನ್ನೂ ಆಟದ ಉಡುಗೆಯಲ್ಲೇ ನಿಜವಾದ ಕುದುರೆಗಳ ಮೇಲೆ ಕೂರಿಸಿ ಛಾಯಾಚಿತ್ರ ತೆಗೆಸಿದ. ಚಿತ್ರ ದೇಶದ ಪತ್ರಿಕೆಗಳನ್ನೆಲ್ಲ ಸುತ್ತಿತು. ಆ ಋತು ಮುಗಿದದ್ದು 1925ರ ಹೊಸ ವರ್ಷದ ದಿನ, ರೋಸ್ ಬೌಲ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿರುದ್ಧ 27-10ರ ಗೆಲುವಿನೊಂದಿಗೆ.

ಸದರ್ನ್ ಕ್ಯಾಲಿಫೋರ್ನಿಯಾದೊಡನೆ ವಾರ್ಷಿಕ ಸೆಣಸಾಟ ಶುರುವಾದದ್ದು 1926ರಲ್ಲಿ. ಅದೇ ವರ್ಷ ರಾಕ್ನಿಯ ಬದುಕಿನ ಅತ್ಯಂತ ಮುಜುಗರದ ಘಟನೆಯೂ ನಡೆಯಿತು. ನವೆಂಬರ್ 27ರಂದು ಅವನ ತಂಡ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಟೆಕ್ ಎಂಬ ಸಾಧಾರಣ ತಂಡವನ್ನು ಎದುರಿಸಬೇಕಿತ್ತು. ಅದೇ ದಿನ ಷಿಕಾಗೊದ ಸೋಲ್ಜರ್ ಫೀಲ್ಡ್‌ನಲ್ಲಿ ಆರ್ಮಿ ಮತ್ತು ನೇವಿ ತಂಡಗಳ ಹಣಾಹಣಿ. ದೇಶವೇ ಅದಕ್ಕಾಗಿ ಕಾದಿತ್ತು. ಗೆಲುವು ಕೈಯಲ್ಲೇ ಇದೆಯೆಂದು ಬಗೆದ ರಾಕ್ನಿ ತಂಡವನ್ನು ಸಹಾಯಕನಿಗೆ ಒಪ್ಪಿಸಿ ತಾನು ಷಿಕಾಗೊಗೆ ಹೋಗಿ ಪ್ರೇಕ್ಷಕರ ನಡುವೆ ಕುಳಿತ. ಪಿಟ್ಸ್‌ಬರ್ಗ್‌ನಿಂದ ಬಂದ ಸುದ್ದಿ: ನೋಟರ್ ಡೇಮ್ 19-0ರಿಂದ ಸೋತಿದೆ. ಅದು ಆ ಋತುವಿನ ಏಕೈಕ ಸೋಲು. ಜನರಿಗೆ ಯಾವ ಗೀಳು ಹತ್ತಿಸಿದ್ದನೋ ಅದೇ ಗೀಳಿಗೆ ತಾನೂ ಬಲಿಯಾಗಿದ್ದ. ಒಂದು ವಾರದ ಬಳಿಕ ಲಾಸ್ ಏಂಜಲೀಸ್‌ನಲ್ಲಿ 13-12ರಿಂದ ಗೆದ್ದು ಮಾನ ಉಳಿಸಿಕೊಂಡ.

ಮರುವರ್ಷ ಸೋಲ್ಜರ್ ಫೀಲ್ಡ್‌ನಲ್ಲಿ ಇವೇ ಎರಡು ತಂಡಗಳು ಎದುರಾದಾಗ ನೆರೆದವರು ಸುಮಾರು 1,20,000 ಎಂದು ಅಂದಾಜು. ಫಲಿತಾಂಶ 7-6, ನೋಟರ್ ಡೇಮ್ ಪರ. 1929ರಲ್ಲಿ ಅದೇ ಅಂಗಳದಲ್ಲಿ 1,12,912 ಮಂದಿ. 13-12, ಮತ್ತೆ ನೋಟರ್ ಡೇಮ್. ಇಷ್ಟು ಜನ ಇಷ್ಟು ಕಾದು, ಒಂದೊಂದೇ ಅಂಕದ ಅಂತರ ಕಂಡು ಮನೆಗೆ ಮರಳಿದರೆ ಮುಂದಿನ ವರ್ಷಕ್ಕಾಗಿ ಕಾಯದೆ ಇರುತ್ತಾರೆಯೇ?

ನಡುವಿನ 1928 ಅವನ ಪಾಲಿಗೆ ಕೆಟ್ಟ ವರ್ಷ, ನಾಲ್ಕು ಸೋಲು. ಆರ್ಮಿ ವಿರುದ್ಧದ ಪಂದ್ಯದ ದಿನ, 1920ರಲ್ಲಿ 25ರ ಹರೆಯದಲ್ಲೇ ಸೋಂಕಿನಿಂದ ತೀರಿಕೊಂಡಿದ್ದ ತನ್ನ ಶ್ರೇಷ್ಠ ಆಟಗಾರ ಜಾರ್ಜ್ ಗಿಪ್‌ನ ಕೊನೆಯ ಕೋರಿಕೆಯನ್ನು ಆಟಗಾರರೆದುರು ನೆನೆದನಂತೆ. ತಂಡ ಸಂಕಟದಲ್ಲಿದ್ದಾಗ ತನಗಾಗಿ ಒಮ್ಮೆ ಗೆಲ್ಲಬೇಕೆಂಬುದು ಆ ಕೋರಿಕೆ. ತಂಡ 12-6ರಿಂದ ಗೆದ್ದಿತು. ಗಿಪ್ ನಿಜಕ್ಕೂ ಹಾಗೆ ಕೋರಿದ್ದನೇ ಎಂಬ ಬಗ್ಗೆ ಚರಿತ್ರಕಾರರಿಗೆ ಗಾಢ ಅನುಮಾನವಿದೆ. ಎಂಟು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು ತಕ್ಕ ದಿನಕ್ಕಾಗಿ ಕಾದದ್ದು ನಿಜವಾದರೂ, ಆ ದಿನವೇ ಹೆಣೆದದ್ದಾದರೂ, ಅದು ರಾಕ್ನಿಗೆ ಒಪ್ಪುವ ಕೆಲಸವೇ. 1940ರ ಚಲನಚಿತ್ರದಲ್ಲಿ ಗಿಪ್‌ನ ಪಾತ್ರ ವಹಿಸಿದ ನಟ ರೊನಾಲ್ಡ್ ರೇಗನ್ ಮುಂದೆ ಅಮೆರಿಕದ ಅಧ್ಯಕ್ಷನಾದ.

1929ರಲ್ಲಿ ಹಳೆಯ ಮೈದಾನದ ಬದಲಿಗೆ ಹೊಸ ಕ್ರೀಡಾಂಗಣ ಏಳುತ್ತಿದ್ದುದರಿಂದ ಎಲ್ಲ ಪಂದ್ಯಗಳೂ ಪರಸ್ಥಳಗಳಲ್ಲೇ ನಡೆದವು. ಜತೆಗೆ ಕಾಲಿನ ರಕ್ತನಾಳದ ಉರಿಯೂತ ರಾಕ್ನಿಯನ್ನು ಹಾಸಿಗೆ ಹಿಡಿಸಿತು. ಎದ್ದು ಓಡಾಡಿದರೆ ಜೀವಕ್ಕೇ ಅಪಾಯವೆಂದು ವೈದ್ಯರು ಎಚ್ಚರಿಸಿದರೂ ಗಾಲಿಕುರ್ಚಿಯಲ್ಲಿ ಮೈದಾನಕ್ಕೆ ಬಂದ. ಬರಲಾಗದಾಗ ದೂರವಾಣಿಯಲ್ಲಿ ಸೂಚನೆ ಕೊಟ್ಟ. ತಂಡ ಒಂದನ್ನೂ ಸೋಲಲಿಲ್ಲ.

ಹೀಗೆ ಬಂದದ್ದು 1930ರ ಆ ಡಿಸೆಂಬರ್. ತಂಡದ ಮುಖ್ಯ ಫುಲ್‌ಬ್ಯಾಕ್ ಜೋ ಸವೋಲ್ಡಿ ನವೆಂಬರಿನಲ್ಲೇ ಕಾಲೇಜು ಬಿಟ್ಟಿದ್ದ. ಅವನ ಸ್ಥಾನ ತುಂಬಿದ್ದ ಲ್ಯಾರಿ ಮಲಿನ್ಸ್ ಆರ್ಮಿ ಪಂದ್ಯದಲ್ಲಿ ಗಾಯಗೊಂಡ. ಉಳಿದವನು ಡ್ಯಾನ್ ಹ್ಯಾನ್ಲಿ ಎಂದು ಎಲ್ಲರೂ ಎಣಿಸಿದ್ದರು. ದಾರಿಯಲ್ಲಿ ಅರಿಜೋನಾದ ಟ್ಯೂಸಾನ್‌ನಲ್ಲಿ ತಂಡ ಅಭ್ಯಾಸಕ್ಕೆ ಇಳಿಯಿತು. ಹ್ಯಾನ್ಲಿಯ ಅಂಗಿ ತೊಟ್ಟು ಓಡುತ್ತಿದ್ದವನನ್ನು ವರದಿಗಾರರು ಹ್ಯಾನ್ಲಿಯೆಂದೇ ಬಗೆದರು. ನಿಜಕ್ಕೂ ಆತ ಬಕಿ ಒಕಾನರ್ ಎಂಬ ಮೀಸಲು ಆಟಗಾರ. ಹಾಫ್‌ಬ್ಯಾಕ್ ಆಗಿದ್ದ ಅವನಿಗೆ ರಾಕ್ನಿ ಗುಟ್ಟಾಗಿ ಹೊಸ ಸ್ಥಾನದ ಪಾಠ ಹೇಳಿಕೊಡುತ್ತಿದ್ದ.

ಶನಿವಾರ ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಜನರ ಮುಂದೆ ಒಕಾನರ್ ಎರಡು ಟಚ್‌ಡೌನ್ ಗಳಿಸಿದ. ಒಂದಂತೂ 80 ಗಜಗಳ ಓಟ. ಅಂತಿಮ ಅಂಕ 27-0. ಒಂದೇ ಅಂಕದ ಅಂತರವನ್ನು ನಿರೀಕ್ಷಿಸಿ ಬಂದವರು ಹಿಂದೆಂದೂ ಕಾಣದ ಏಕಪಕ್ಷೀಯ ಆಟ ಕಂಡು ಮೌನವಾಗಿ ಎದ್ದರು. ಅತ್ತ ತಂಡ ಮರಳುವಾಗ ಷಿಕಾಗೊ ಬೀದಿಗಳಲ್ಲಿ ಮೆರವಣಿಗೆ ಕಾದಿತ್ತು. ಅದು ರಾಕ್ನಿಯ ಕೊನೆಯ ಋತುವಾದೀತೆಂದು ಅಲ್ಲಿ ನೆರೆದಿದ್ದ ಯಾರಿಗೂ ತಿಳಿದಿರಲಿಲ್ಲ.

1931ರ ಮಾರ್ಚ್ 31ರಂದು, ನೋಟರ್ ಡೇಮ್ ಕುರಿತ ಚಲನಚಿತ್ರಕ್ಕೆ ಸಲಹೆ ನೀಡಲು ಅವನು ಕಾನ್ಸಾಸ್ ಸಿಟಿಯಿಂದ ಲಾಸ್ ಏಂಜಲೀಸ್‌ಗೆ ವಿಮಾನ ಏರಿದ. ಫಾಕರ್ ಕಂಪನಿಯ ಆ ವಿಮಾನದ ರೆಕ್ಕೆ ಮರದ್ದು. ತೇವದಿಂದ ಅದರ ಅಂಟು ಸಡಿಲಗೊಂಡಿತ್ತು. ಕಾನ್ಸಾಸ್‌ನ ಬಜಾರ್ ಎಂಬ ಹಳ್ಳಿಯ ಬಳಿ ರೆಕ್ಕೆ ಮುರಿದು ವಿಮಾನ ಹುಲ್ಲುಗಾವಲಿಗೆ ಬಿತ್ತು. ಎಂಟೂ ಮಂದಿ ಅಸುನೀಗಿದರು. ರಾಕ್ನಿಗೆ ಆಗ 43 ವರ್ಷ. ಜನಾಕ್ರೋಶಕ್ಕೆ ಮಣಿದ ಸರ್ಕಾರ ಅಪಘಾತಗಳ ಕಾರಣವನ್ನು ಬಹಿರಂಗಪಡಿಸಲಾರಂಭಿಸಿತು. ಪ್ರಯಾಣಿಕ ವಿಮಾನಗಳು ಮರವನ್ನು ತೊರೆದು ಲೋಹದತ್ತ ತಿರುಗಲು ಆ ದುರಂತ ಪ್ರಮುಖ ಕಾರಣಗಳಲ್ಲೊಂದಾಯಿತು. ಅಂತ್ಯಸಂಸ್ಕಾರವನ್ನು ರೇಡಿಯೊ ದೇಶಕ್ಕೆಲ್ಲ ಬಿತ್ತರಿಸಿತು. ನಾರ್ವೆಯ ದೊರೆ ಮರಣೋತ್ತರ ಗೌರವ ಕಳುಹಿಸಿದ.

ಆ ವರ್ಷದ ನವೆಂಬರ್ 21ರಂದು ಸದರ್ನ್ ಕ್ಯಾಲಿಫೋರ್ನಿಯಾ ತಂಡ ಮೊದಲ ಬಾರಿಗೆ ಸೌತ್ ಬೆಂಡ್‌ಗೆ ಬಂದಿತು. ರಾಕ್ನಿ ಹಟ ಹಿಡಿದು ಕಟ್ಟಿಸಿದ ಹೊಸ ಕ್ರೀಡಾಂಗಣದಲ್ಲಿ 50,000ಕ್ಕೂ ಹೆಚ್ಚು ಜನ ಕಿಕ್ಕಿರಿದಿದ್ದರು. ಕೊನೆಯ ಕಾಲುಭಾಗ ಆರಂಭವಾಗುವಾಗ ನೋಟರ್ ಡೇಮ್ 14-0ರಿಂದ ಮುಂದಿತ್ತು. ಕಡೆಯ ನಿಮಿಷದಲ್ಲಿ ಜಾನಿ ಬೇಕರ್ ಒದ್ದ ಚೆಂಡು ಕಂಬಗಳ ನಡುವೆ ಹಾರಿದಾಗ ಅಂಕಫಲಕ 16-14 ಎಂದಿತು, ಗೆದ್ದವರು ಅತಿಥಿಗಳು. ಲಾಸ್ ಏಂಜಲೀಸ್‌ನಲ್ಲಿ ಅವರನ್ನು ಸ್ವಾಗತಿಸಲು ಲಕ್ಷಾಂತರ ಜನ ಕಾದಿದ್ದರು. ಆದರೆ ರೈಲು ಹತ್ತುವ ಮೊದಲು ತರಬೇತುದಾರ ಹೊವರ್ಡ್ ಜೋನ್ಸ್ ತನ್ನ ಹುಡುಗರನ್ನು ಹೈಲ್ಯಾಂಡ್ ಸ್ಮಶಾನಕ್ಕೆ ಕರೆದೊಯ್ದ. ರಾಕ್ನಿಯ ಸಮಾಧಿಯ ಸುತ್ತ ಅವರು ಸ್ವಲ್ಪ ಹೊತ್ತು ನಿಂತಿದ್ದರು.