ಚಿಪ್ಪುಗಳ ಚರಿತ್ರೆ ಬರೆದ ಸ್ಟೋಲಿಚ್ಕಾ

ಹೊಸೂರು, ಕೃಷ್ಣಗಿರಿ ಸೀಮೆಯವರಾದ ನಮಗೆ ಬಂಡೆಗಳು ಹೊಸವಲ್ಲ. ಆದರೆ ನಮ್ಮ ಬೆಟ್ಟಗಳನ್ನು ಎಷ್ಟು ಒಡೆದರೂ ಒಂದು ಕಪ್ಪೆಚಿಪ್ಪಿನ ಗುರುತೂ ಸಿಗದು. ಇವು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಬಂಡೆಗಳು. ಇವು ಹುಟ್ಟಿದಾಗ ಚಿಪ್ಪುಳ್ಳ ಪ್ರಾಣಿಗಳೇ ಭೂಮಿಯ ಮೇಲೆ ಇರಲಿಲ್ಲ. ನಮ್ಮದೇ ರಾಜ್ಯದ ಪೆರಂಬಲೂರು, ಅರಿಯಲೂರು ಕಡೆಗೆ ಹೋದರೆ ಕಥೆಯೇ ಬೇರೆ. ಕಡಲು ಅಲ್ಲಿಂದ ಬಹುದೂರ. ಆದರೂ ಅಲ್ಲಿನ ಹಳ್ಳಗಳಲ್ಲಿ, ಸುಣ್ಣಕಲ್ಲಿನ ಗಣಿಗಳಲ್ಲಿ ಶಂಖ, ಚಿಪ್ಪು, ಹವಳಗಳು ಕಲ್ಲಾಗಿ ದೊರೆಯುತ್ತವೆ. ಆ ಚಿಪ್ಪುಗಳನ್ನು ಒಂದೊಂದಾಗಿ ಗುರುತಿಸಿ ಹೆಸರಿಟ್ಟವರಲ್ಲಿ ಅಗ್ರಗಣ್ಯರು ಫರ್ಡಿನೆಂಡ್ ಸ್ಟೋಲಿಚ್ಕಾ.

ಈ ಚಿಪ್ಪುಗಳು ಅಲ್ಲಿಗೆ ಬಂದುದು ಹೇಗೆ? ಸುಮಾರು 11 ಕೋಟಿ ವರ್ಷಗಳ ಹಿಂದೆ ಪೂರ್ವದ ಕಡಲು ನೆಲದ ಮೇಲೆ ಏರಿ ಬಂದು, ಆಳವಿಲ್ಲದ ನೀರಾಗಿ ಆ ಪ್ರದೇಶದಲ್ಲಿ ಹರಡಿತು. ಅಲ್ಲಿ ಬಾಳಿ ಸತ್ತ ಪ್ರಾಣಿಗಳ ಚಿಪ್ಪುಗಳು ಕೆಸರಿನಲ್ಲಿ ಹೂತವು. ಅವುಗಳ ಮೇಲೆ ಮರಳು, ಮಣ್ಣು ಪದರಪದರವಾಗಿ ಬಿದ್ದು ಗಟ್ಟಿಯಾಯಿತು. ಕಡಲು ಹಿಂದೆ ಸರಿದ ಮೇಲೆ ಮಳೆನೀರು ಕೊರೆದಂತೆಲ್ಲ ಚಿಪ್ಪುಗಳು ಹೊರಬಿದ್ದವು. ಗರುಡಮಂಗಲದ ಬಳಿ ಬಂಡೆಯೇ ಚಿಪ್ಪುಗಳಿಂದ ತುಂಬಿದೆ. ಅದಕ್ಕೆ ಮೆರುಗು ಕೊಟ್ಟು ಅಲಂಕಾರದ ವಸ್ತುಗಳನ್ನು ಮಾಡುತ್ತಿದ್ದರು.

ಮೊದಲು ಇವುಗಳನ್ನು ಆಯ್ದು ವಿದ್ವಾಂಸರಿಗೆ ಕಳುಹಿಸಿದವರು ಕೇ ಮತ್ತು ಕನ್ಲಿಫ್ ಎಂಬ ಆಂಗ್ಲರು. ಅವನ್ನು ಕುರಿತು ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ವರದಿ ಬರೆದರು. ಬಳಿಕ ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಹೆನ್ರಿ ಬ್ಲಾನ್‌ಫರ್ಡ್ ಆ ಪ್ರದೇಶವನ್ನು ಸುತ್ತಿ, ಪದರಗಳನ್ನು ವಿಂಗಡಿಸಿದರು. ಚಿಪ್ಪುಗಳು ಕಲ್ಕತ್ತೆ ಸೇರಿದವು. ಅವನ್ನು ಓದಬಲ್ಲ ಕಣ್ಣು ಬೇಕಾಗಿತ್ತು.

ಸ್ಟೋಲಿಚ್ಕಾ 1838ರ ಜೂನ್ 7ರಂದು ಈಗಿನ ಚೆಕ್ ದೇಶದ ಮೊರೇವಿಯಾ ಪ್ರಾಂತದಲ್ಲಿ, ಕ್ರೊಮ್ಯೆಝೀಶ್ ಪಟ್ಟಣದ ಬಳಿ ಜನಿಸಿದರು. ತಂದೆ ಕಾಡಿನ ಕಾವಲಿನ ಕೆಲಸದವರು. ವಿಯೆನ್ನಾದಲ್ಲಿ ಎಡ್ವರ್ಡ್ ಸ್ಯೂಸ್ ಅವರಂಥ ಗುರುಗಳ ಬಳಿ ಕಲಿತು, ಅಲ್ಲಿನ ಭೂವಿಜ್ಞಾನ ಸಂಸ್ಥೆಯಲ್ಲಿ ದುಡಿದರು. ನಮ್ಮ ಸರ್ವೇಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಥಾಮಸ್ ಓಲ್ಡ್‌ಹ್ಯಾಮ್ ಅವರ ಕರೆಯ ಮೇರೆಗೆ 1862ರಲ್ಲಿ, 24ರ ಹರೆಯದಲ್ಲಿ ಕಲ್ಕತ್ತೆಗೆ ಬಂದರು.

ಅವರಿಗೆ ವಹಿಸಿದ ಕೆಲಸ ಸುಲಭದ್ದಲ್ಲ. ಒಂದು ಚಿಪ್ಪನ್ನು ಕಲ್ಲಿನಿಂದ ಬಿಡಿಸಿ, ಶುಚಿಮಾಡಿ, ಅಳೆದು, ಸುರುಳಿ ಎಷ್ಟು, ಗೆರೆಗಳು ಹೇಗೆ ಎಂದು ಗುರುತಿಸಿ, ಯೂರೋಪಿನ ಚಿಪ್ಪುಗಳೊಡನೆ ಹೋಲಿಸಿ, ಚಿತ್ರ ಬರೆಸಬೇಕು. ಹೀಗೆ ಸಾವಿರಾರು ಚಿಪ್ಪುಗಳು! ಸುಮಾರು 10 ವರ್ಷ ಅವರು ಇದನ್ನು ಬಿಡದೆ ನಡೆಸಿದರು. ಸುರುಳಿ ಚಿಪ್ಪಿನ ಅಮೊನೈಟುಗಳು, ಆಮೇಲೆ ಶಂಖದ ಜಾತಿಯವು, ಆಮೇಲೆ ಎರಡು ಚಿಪ್ಪಿನವು, ಕಡೆಗೆ ಹವಳ ಮೊದಲಾದವು. 1873ರ ಹೊತ್ತಿಗೆ ಬ್ಲಾನ್‌ಫರ್ಡರು ಆರಂಭಿಸಿದ್ದ ಗ್ರಂಥಮಾಲೆ 4 ಸಂಪುಟಗಳಲ್ಲಿ ಪೂರ್ಣವಾಯಿತು.

ಇದರಿಂದ ಆದ ಪ್ರಯೋಜನವೇನು? ಬಂಡೆಯ ಮೇಲೆ ಅದರ ವಯಸ್ಸು ಬರೆದಿರುವುದಿಲ್ಲ. ಎರಡು ದೇಶಗಳ ಪದರಗಳಲ್ಲಿ ಒಂದೇ ಬಗೆಯ ಚಿಪ್ಪುಗಳು ಕಂಡರೆ, ಅವು ಒಂದೇ ಯುಗದವೆಂದು ತಿಳಿಯಬಹುದು. ನಮ್ಮ ದಕ್ಷಿಣದ ಆ ನೆಲಕ್ಕೆ ಲೋಕದ ಚರಿತ್ರೆಯಲ್ಲಿ ಇಂಥದೇ ಸ್ಥಾನವೆಂದು ಖಚಿತವಾಗಿ ತೋರಿಸಿದ್ದು ಈ ಶ್ರಮ.

ಅವರು ಕೋಣೆಯೊಳಗಿನ ವಿದ್ವಾಂಸರಷ್ಟೇ ಅಲ್ಲ. 1864 ಮತ್ತು 1865ರಲ್ಲಿ ಹಿಮಾಲಯದ ಸ್ಪಿತಿ ಕಣಿವೆ, ಲಡಾಖ್‌ಗಳಲ್ಲಿ ಅಲೆದರು. ಅಲ್ಲಿನ ಕಪ್ಪು ಜೇಡಿಗಲ್ಲಿನಲ್ಲಿಯೂ ಅಮೊನೈಟುಗಳಿವೆ. ನಮ್ಮ ಅನೇಕ ಮನೆಗಳಲ್ಲಿ ಪೂಜೆಗೊಳ್ಳುವ, ಗಂಡಕೀ ನದಿಯ ಸಾಲಿಗ್ರಾಮದೊಳಗಿನ ಚಕ್ರವೂ ಇಂಥ ಪ್ರಾಣಿಯ ಚಿಪ್ಪಿನ ಅಚ್ಚೇ. ಹಿಮಾಲಯವೂ ಒಮ್ಮೆ ಕಡಲತಳವಾಗಿತ್ತು ಎಂಬುದಕ್ಕೆ ಅದು ಸಾಕ್ಷಿ. ಮುಂದೆ ಸ್ಟೋಲಿಚ್ಕಾ ಕಚ್ಛ್, ಅಂಡಮಾನ್‌ಗಳಿಗೂ ಹೋದರು. ಹಕ್ಕಿ, ಹಾವು, ಬಸವನಹುಳುಗಳನ್ನೂ ಅಭ್ಯಾಸ ಮಾಡಿದರು. ಅವರ ಹೆಸರು ಹೊತ್ತ ಹಕ್ಕಿಯೊಂದು ಇಂದಿಗೂ ಕಚ್ಛಿನ ಬಯಲುಗಳಲ್ಲಿದೆ.

ಎತ್ತರದ ತೆಳು ಗಾಳಿ ಅವರ ದೇಹಕ್ಕೆ ಒಗ್ಗುತ್ತಿರಲಿಲ್ಲ. ಆದರೂ 1873ರಲ್ಲಿ ಮಧ್ಯ ಏಷ್ಯದ ಯಾರ್ಕಂದಕ್ಕೆ ಹೊರಟ ತಂಡವನ್ನು ಸೇರಿದರು. ಹಿಂದಿರುಗುವಾಗ ಕಾರಕೋರಂ ಕಣಿವೆಯನ್ನು ದಾಟಿದ ಮೇಲೆ ತೀವ್ರ ಅಸ್ವಸ್ಥರಾಗಿ, 1874ರ ಜೂನ್ 19ರಂದು ಲಡಾಖಿನ ಮುರ್ಗೋ ಎಂಬಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 36 ವರ್ಷ. ಲೇಹ್ ಪಟ್ಟಣದಲ್ಲಿ ಅವರ ಸಮಾಧಿ ಇದೆ. ಆ ಪಯಣದಲ್ಲಿ ಅವರು ಆಯ್ದದ್ದೆಲ್ಲ, ಬರೆದಿಟ್ಟ ಟಿಪ್ಪಣಿಗಳೆಲ್ಲ ಸುರಕ್ಷಿತವಾಗಿ ಹಿಂದಿರುಗಿದವು; ಅವುಗಳ ಆಧಾರದಿಂದ ಇತರರು ಗ್ರಂಥಗಳನ್ನು ಬರೆದರು. ಮನುಷ್ಯ ಮರಳಲಿಲ್ಲ, ಕೆಲಸ ಮರಳಿತು.

ವಿದ್ಯಾರ್ಥಿಗಳೇ, ಈ ಜೀವನದಿಂದ ನಾವು ಕಲಿಯಬೇಕಾದುದು ಇಷ್ಟು. ಎಲ್ಲಿ, ಯಾವ ಪದರದಲ್ಲಿ ದೊರೆಯಿತೆಂದು ಬರೆದಿಡದ ಚಿಪ್ಪು ಬರಿಯ ಆಟದ ಕಲ್ಲು. ಬರೆದಿಟ್ಟರೆ ಅದೇ ಚರಿತ್ರೆಯ ಒಂದು ಪುಟ. ನೀವು ಎಂದಾದರೂ ಅರಿಯಲೂರಿನ ಕಡೆಗೆ ಹೋದರೆ ಪುಸ್ತಕ, ಪೆನ್ಸಿಲು ಜೊತೆಗಿರಲಿ. ತಂದೆತಾಯಿಗಳೂ ಮಕ್ಕಳು ಹೆಕ್ಕಿ ತಂದ ಕಲ್ಲನ್ನು ಕಸವೆಂದು ಎಸೆಯುವ ಮುನ್ನ, ಎಲ್ಲಿ ಸಿಕ್ಕಿತೆಂದು ಒಂದು ಮಾತು ಕೇಳಲಿ.